ಮೂರನೆಯ ಸೀಟಿ

ಅತ್ತೆ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತು. ನಾಸಿಕದ ನಮ್ಮ ಎರಡು ಕೋಣೆಯ ಮನೆಯ ಅಡುಗೆ ಕಟ್ಟೆಯ ಮುಂದೆ ನಿಂತು ನಾನು ಕೊತ್ತಂಬರಿ ಸೋಸುತ್ತಿದ್ದೆ. ಒಲೆಯ ಮೇಲೆ ಬೇಳೆ. ಕುಕ್ಕರು ಒಂದು ಸೀಟಿ ಹಾಕಿತು, ಎರಡು ಹಾಕಿತು, ಮೂರನೆಯದೂ ಆಯಿತು.

"ಮೂರಾತು. ಇಳಸವ್ವಾ," ಎಂದರು ಅತ್ತೆ, ನನ್ನ ಬೆನ್ನ ಹಿಂದಿನಿಂದ.

"ಹೂಂ ರೀ," ಎಂದು ನಾನು ಗ್ಯಾಸು ಆರಿಸಿದೆ.

ಕೈ ಇನ್ನೂ ಒಲೆಯ ಗುಂಡಿಯ ಮೇಲೆ ಇರುವಾಗಲೇ ನೆನಪಾಯಿತು. ಕೊತ್ತಂಬರಿಯ ಕಟ್ಟು ಕೆಳಗೆ ಬಿತ್ತು. ಹೊರಳಿ ನೋಡುವುದಕ್ಕೆ ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ನೋಡಿದರೆ, ಅತ್ತೆ ಯಾವಾಗಲೂ ಕೂಡುತ್ತಿದ್ದ ಮೂಲೆಯಲ್ಲಿ, ದೇವರ ಗೂಡಿನ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ ನನ್ನ ಮಗಳು ಕೂತಿದ್ದಳು. ಏಳು ವರ್ಷದ ಹುಡುಗಿ. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ತೆರೆದು, ಅದರೊಳಗೆ ದಿಟ್ಟಿಸುತ್ತಿದ್ದಳು. ಅಂಗೈಯಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳು ಹುಟ್ಟಿದಾಗಿನಿಂದ ನಮ್ಮ ಮುಂದೆ ಒಂದು ಮಾತು ಆಡಿದವಳಲ್ಲ. ಆಟಿಸಂ ಅಂತ ಮೂರನೆಯ ವರ್ಷಕ್ಕೇ ಕಾಗದದ ಮೇಲೆ ಬರೆದು ಕೊಟ್ಟಿದ್ದರು.

ನಾನು ದೆವ್ವ ಭೂತ ನಂಬುವ ಪೈಕಿ ಅಲ್ಲ. ಕಲಬುರಗಿಯಲ್ಲಿ ಬಿ.ಕಾಂ. ಓದಿದವಳು, ಯಾರಾದರೂ ಮೈಮೇಲೆ ದೇವರು ಬಂತು ಅಂದರೆ ನಗುವವಳು. ಆದರೂ ಹೇಳುತ್ತೇನೆ, ಆ ದನಿ ಮಗುವಿನದಲ್ಲ. ಎಲೆ ಅಡಿಕೆ ಜಗಿದು ದಪ್ಪಗಾದ ನಾಲಿಗೆ, 'ಮೂರಾತು' ಅಂದ ಮೇಲೆ ಒಂದಿಷ್ಟು ಉಸಿರು ಎಳೆದುಕೊಳ್ಳುವ ರೀತಿ, ಎಲ್ಲ ಮುದುಕಿಯದೇ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಬೇರೆ. ಅತ್ತೆ ಆ ಮಾತನ್ನು ಆಡಿ ನಾಲ್ಕು ವರ್ಷವಾಗಿತ್ತು. ಅವರ ಬಾಯಿ ಕಟ್ಟಿದವಳು ನಾನೇ.

ಅದನ್ನು ಹೇಳದೆ ಮುಂದಿನದು ಹೇಳಲಾಗದು.

ನಾವು ಚಿಂಚೋಳಿ ಕಡೆಯವರು. ಗಂಡ ಕಾರ್ಖಾನೆಯ ಕೆಲಸಕ್ಕೆಂದು ನಾಸಿಕಕ್ಕೆ ಬಂದವರು, ಹಿಂದೆ ನಾನು, ನನ್ನ ಹಿಂದೆ ಅತ್ತೆ. ಯೇವಲಾ ಊರಿನ ಅಂಗಡಿಯವರು ಕೊಡುವ ಪೈಠಣಿ ಸೀರೆಗಳಿಗೆ ಫಾಲ್ ಹಚ್ಚಿ, ಸೆರಗಿಗೆ ಗೊಂಡೆ ಕಟ್ಟಿ ಕೊಡುವುದು ನನ್ನ ಕೆಲಸ. ಮಗಳಿಗೆ ಮೂರು ತುಂಬಿದರೂ ಮಾತು ಬರದಿದ್ದಾಗ ಇಲ್ಲಿಯದೇ ಒಬ್ಬ ಥೆರಪಿ ಮೇಡಂ ಬಳಿ ಕರೆದುಕೊಂಡು ಹೋದೆವು. ಬಣ್ಣಬಣ್ಣದ ಚೆಂಡುಗಳಿದ್ದ ಸಣ್ಣ ಕೋಣೆ. ಮೇಡಂ ಮರಾಠಿಯವರು, ಒಳ್ಳೆಯವರು, ಸಮಾಧಾನದಿಂದ ಮಾತಾಡುವವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ ಎಂದು ಕೇಳಿ ತಲೆ ಅಲ್ಲಾಡಿಸಿದರು. ಇಷ್ಟು ಸಣ್ಣ ತಲೆಯೊಳಗೆ ಮೂರು ಭಾಷೆಯ ಗದ್ದಲ ಬೇಡ, ಒಂದನ್ನೇ ಇಟ್ಟುಕೊಳ್ಳಿ, ಮುಂದೆ ಶಾಲೆ ಮರಾಠಿಯದು, ಅದೇ ಇರಲಿ ಎಂದರು. ನನಗೆ ಆ ಮಾತು ಥಟ್ಟನೆ ಒಪ್ಪಿಗೆಯಾಯಿತು. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ. ಮನೆಯ ಮಾತು ಮದ್ದಲ್ಲ, ಹೊರಗಿನದು ಮದ್ದು ಎಂದು ಅವತ್ತೇ ತೀರ್ಮಾನಿಸಿದೆ.

ಗಂಡನಿಗೂ ನನಗೂ ಹೇಗೋ ನಡೆಯಿತು. ನಮ್ಮ ಮರಾಠಿ ಕಾರ್ಖಾನೆಯ ನೋಟೀಸಿನ ಹಾಗೆ ಇರುತ್ತಿತ್ತು: ಬಾ, ಕೂಡು, ಉಣ್ಣು, ಮಲಗು. ಅತ್ತೆಗೆ ಮಾತ್ರ ಇಷ್ಟು ವರ್ಷ ಇದ್ದರೂ ಬೇಡ ಎನ್ನುವ 'ನಕೋ' ಬಿಟ್ಟು ಇನ್ನೊಂದು ಶಬ್ದ ಹತ್ತಿರಲಿಲ್ಲ. "ಮಗುವಿನ ಮುಂದ ಕನ್ನಡ ಮಾತಾಡಬ್ಯಾಡ್ರಿ ಅತ್ತಿ," ಎಂದು ಮೊದಲು ಮೆಲ್ಲಗೇ ಹೇಳಿದೆ. ಮರುದಿನ ಅವರು ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತ ಏನೋ ಗುನುಗುತ್ತಿದ್ದುದು ಕಿವಿಗೆ ಬಿತ್ತು. ನನ್ನ ಸಿಟ್ಟು ನಿಮಗೆ ಗೊತ್ತಿಲ್ಲ. ಕೈಯಲ್ಲಿದ್ದ ಸೌಟನ್ನು ಕಟ್ಟೆಗೆ ಬಡಿದು ಕೂಗಿದೆ:

"ಇವಳ ಮುಂದ ಕನ್ನಡ ಬಾಯಿ ತೆಗೀಬ್ಯಾಡ್ರಿ ಅಂದ್ರ ತೆಗೀಬ್ಯಾಡ್ರಿ!"

ಅತ್ತೆ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಆತವ್ವಾ. ಕೂಸಿಗಿ ಛಲೋ ಆಗ್ತದಂದ್ರ ನನ್ನ ಬಾಯಿಗಿ ಬೀಗ," ಎಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅವತ್ತು ನನ್ನ ಕಾಲ ಬಂತು ಎಂದು ಒಳಗೊಳಗೆ ಸ್ವಲ್ಪ ಹಿಗ್ಗಿದ್ದೂ ಸುಳ್ಳಲ್ಲ.

ಆಮೇಲೆ ನಾಲ್ಕು ವರ್ಷ ಅವರು ನಮ್ಮ ಮನೆಯಲ್ಲಿ ಮಾತಾಡಲಿಲ್ಲ. ಚಹಾ ಬೇಕಾದರೆ ಉಂಗುರದ ಬೆರಳಿನಿಂದ ಸ್ಟೀಲ್ ಲೋಟಕ್ಕೆ ಎರಡು ಸಲ ಟಕ್ ಟಕ್ ಎನ್ನಿಸುವರು. ಕುಕ್ಕರು ಕೂಗಿದರೆ ಮೂರು ಸಲ. ಬೆಳಿಗ್ಗೆ ಮೂಲೆಯಲ್ಲಿ ಕೂತು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುವಾಗಲೂ ತುಟಿ ಅಷ್ಟೇ ಅಲುಗುವುದು, ಸದ್ದಿಲ್ಲ. ಮೊಮ್ಮಗಳು ಎದುರಿಗೆ ಕೂತು ನೋಡುತ್ತಿದ್ದಳು. ನಮ್ಮ ಮನೆಗೆ ಯಾರಾದರೂ ಬಂದರೆ ಹತ್ತು ನಿಮಿಷಕ್ಕೆ ಏಳುತ್ತಿದ್ದರು. ನಿಮ್ಮ ಮನೆ ಎಷ್ಟು ಶಾಂತ ಎನ್ನುತ್ತಿದ್ದರು, ಚಪ್ಪಲಿ ಹಾಕಿಕೊಳ್ಳುವ ಅವಸರ ಮಾತ್ರ ಕಾಣುತ್ತಿತ್ತು.

ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗನಿಗೂ ಇದೇ ತೊಂದರೆ. ವಾರಕ್ಕೊಮ್ಮೆ ಫೋನಿನಲ್ಲಿ ಕಷ್ಟ ಹಂಚಿಕೊಳ್ಳುತ್ತಿದ್ದೆವು. ಅಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು, ಇಲ್ಲಿ ಕಾಯುವ ಕೆಲಸವಿಲ್ಲ, ಆದರೆ ಕಾಯುವಂಥದ್ದೂ ಏನಿಲ್ಲ ಎಂದು ನಗುತ್ತಿದ್ದೆವು. ಒಮ್ಮೆ ಅವಳೆಂದಳು: "ಅಕ್ಕಾ, ಕಡೀಕೊಮ್ಮೆ ನಮ್ಮ ನಂಬರ್ ಬಂತು ನೋಡು. ಇಲ್ಲಿಯವರು ಮೊದಲ ಕೇಳಿದ್ದು, ಮನ್ಯಾಗ ಯಾವ ಭಾಷಾ ಅಂತ. ಕನ್ನಡ ಅಂದ್ರ, ಕನ್ನಡಾನ ಆಡ್ರಿ, ಬಿಡಬ್ಯಾಡ್ರಿ ಅಂದ್ರು. ಫೋನಿನ್ಯಾಗ ನಮ್ಮ ಮಾತು ಅವರಿಗಿ ತಿಳಸಲಿಕ್ಕ ಒಬ್ಬರು ಕನ್ನಡದವರನ್ನೂ ಹುಡುಕಿ ಕೊಟ್ರು. ನೀ ಅತ್ತಿ ಬಾಯಿ ಯಾಕ ಮುಚ್ಚಿಸಿದಿ?" ನನಗೆ ಉರಿಯಿತು. "ನಿನ್ನ ಇಂಗ್ಲೆಂಡಿನ ಶಾಣೇತನ ನನಗ ಬ್ಯಾಡ," ಎಂದು ಫೋನು ಇಟ್ಟೆ. ಎರಡು ತಿಂಗಳು ಅವಳೊಂದಿಗೆ ಮಾತು ಬಿಟ್ಟೆ.

ಮಗಳಿಗೆ ಮರಾಠಿಯೂ ಬರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಮೇಡಂ ಹೇಳಿದ ಹಾಗೆ ಅವಳ ವಿಚಿತ್ರ ಚಾಳಿಗಳನ್ನೆಲ್ಲ ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ. ಅದರಲ್ಲಿ ಎರಡನ್ನು ಎಷ್ಟು ಸಲ ಬರೆದಿದ್ದೇನೋ. ಒಂದು, ನಾನು ಹೊರಗಿನಿಂದ ಬಂದು ಬಾಗಿಲು ತೆಗೆದಾಗಲೆಲ್ಲ ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿರುತ್ತಾಳೆ. ಇನ್ನೊಂದು, ಎಡ ಅಂಗೈಯಲ್ಲಿ ಒಂದೇ ಒಂದು ಶೇಂಗಾ ಕಾಳು ಹಿಡಿದಿರುತ್ತಾಳೆ, ತಿನ್ನುವುದಿಲ್ಲ, ನನ್ನ ಕಡೆಗೆ ಚಾಚುತ್ತಾಳೆ. ಬೆವರಿಗೆ ಒದ್ದೆಯಾಗಿ ಸಿಪ್ಪೆ ಬಿಟ್ಟ ಕಾಳು. ಗಂಟಲಿಗೆ ಸಿಕ್ಕೀತು ಎಂದು ಅದನ್ನು ಕಿತ್ತು ಎಸೆದು ಅತ್ತೆಯನ್ನು ಬೈಯುತ್ತಿದ್ದೆ. ಅತ್ತೆ ಲೋಟದ ಕಡೆ ನೋಡುತ್ತಿದ್ದರು.

ಅವರು ತೀರಿಕೊಂಡ ದಿನ ನಾನು ಯೇವಲಾಕ್ಕೆ ಹೋಗಿದ್ದೆ. ಗಂಡ ಪಾಳಿಯಲ್ಲಿ ಇದ್ದರು. ಸಂಜೆ ಐದಕ್ಕೆ ಬಂದು ಚಾವಿ ತಿರುಗಿಸಿದೆ. ಅತ್ತೆ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಕಣ್ಣು ಅರ್ಧ ತೆರೆದಿತ್ತು. ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ಮಗಳು. ತುಟಿಯ ಮೇಲೆ ಬೆರಳು. ಎಡಗೈಯಲ್ಲಿ ಶೇಂಗಾ. ಡಾಕ್ಟರು ಬಂದು ನೋಡಿ, ಮಧ್ಯಾಹ್ನವೇ ಹೋಗಿದೆ ಎಂದರು. ಅಂದರೆ ನಾಲ್ಕೈದು ತಾಸು ಮಗು ಹೆಣದ ಎದುರಿಗೆ ಹಾಗೇ ಕೂತಿತ್ತು.

ಆ ನಾಲ್ಕೈದು ತಾಸು ನನ್ನನ್ನು ಬಿಡಲಿಲ್ಲ. ಅತ್ತೆ ನೀರು ಕೇಳಿದರೇ? ಕೂಗಿದರೇ? ಅಥವಾ ನಾನು ಹಾಕಿದ ಬೀಗ ನೆನೆದು ಮಗುವಿನ ಮುಂದೆ ಕೂಗದೆಯೇ ಸತ್ತರೇ? ಕೇಳಲು ಇದ್ದ ಒಬ್ಬಳೇ ಸಾಕ್ಷಿಗೆ ಬಾಯಿ ಇರಲಿಲ್ಲ.

ನಮ್ಮಲ್ಲಿ ಮಲಗಿಸಿ ಒಯ್ಯುವುದಿಲ್ಲ. ಕೂಡಿಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಕೂತ ಹಾಗೆಯೇ ಮಣ್ಣು ಕೊಡುತ್ತೇವೆ. ಲಿಂಗವನ್ನೂ ಅಂಗೈಯಲ್ಲಿಟ್ಟು ಜೊತೆಗೇ ಕಳಿಸುತ್ತೇವೆ. ಅಷ್ಟು ಜನರ ನಡುವೆ ಮಗಳು ಅಜ್ಜಿಯ ಎದುರಿನಿಂದ ಏಳಲೇ ಇಲ್ಲ. ಎತ್ತಿ ಒಳಗೆ ಒಯ್ಯಬೇಕಾಯಿತು.

ಅದಾದ ಮೇಲೆ ಮೂರನೆಯ ಸೀಟಿ.

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಗಾಳಿಗೆ ಕಿಟಕಿ ಬಡಿದರೆ, "ಖಿಡಕಿ ಹಾಕವ್ವಾ, ಧೂಳ ಬರ್ಲತ್ತದ." ಕೆಳಗೆ ಭಾಜಿಯವನ ಕೂಗು ಕೇಳಿದರೆ, "ಮೆಂತೆ ಪಲ್ಯಾ ಬಂತು ನೋಡು." ಹೊರಗೆ ಬೆಳ್ಳಗೆ ಬಿಸಿಲು, ಒಳಗೆ ಸತ್ತವರ ದನಿ. ಕರೆಂಟು ಹೋಗಿ ಫ್ಯಾನು ನಿಂತ ಕೂಡಲೇ, "ಶಿವನೇ, ಉಸ್ಸಪ್ಪಾ." ಒಂದು ದಿನ ನಾಲ್ಕು ಗಂಟೆಗೆ ಸರಿಯಾಗಿ ಲೋಟದ ಮೇಲೆ ಟಕ್ ಟಕ್. ನಾನು ಚಹಾಕ್ಕಿಟ್ಟೆ. ಎರಡು ಕಪ್ಪು ಸೋಸಿದ ಮೇಲೆ, ಯಾರಿಗೆ ಸೋಸಿದೆ ಎಂದು ನೆನೆದು ಎರಡನೆಯದನ್ನು ಮೋರಿಗೆ ಚೆಲ್ಲಿದೆ. ಪ್ರತಿ ಸಲವೂ ಮಗಳು ಆ ಮೂಲೆಯಲ್ಲೇ, ಖಾಲಿ ಅಂಗೈಯನ್ನೇ ನೋಡುತ್ತ. ನಾನು ಹತ್ತಿರ ಹೋದರೆ ಬೆರಳು ತುಟಿಗೆ ಹೋಗುತ್ತಿತ್ತು, ದನಿ ನಿಂತುಬಿಡುತ್ತಿತ್ತು.

ಗಂಡ ಊರಿಗೆ ಫೋನು ಮಾಡಿದರು. ಅವರ ಅಕ್ಕ ಮರುದಿನವೇ ಬಂದಿಳಿದರು. ತೆರೆದ ಅಂಗೈಯನ್ನು ನೋಡಿದ್ದೇ ತಡ, ಕೂಸಿನ ಕಾಲಿಗೆ ಬಿದ್ದರು. "ನಮ್ಮವ್ವ ಲಿಂಗ ಹಿಡಕೊಂಡು ಕುಂತಾಳ! ಎಲ್ಲಿಗೀ ಹೋಗಿಲ್ಲ, ಇಲ್ಲೇ ಅದಾಳ!" ಎಂದು ಅತ್ತು, ಮಗಳ ಹಣೆಗೆ ವಿಭೂತಿ ಬಳಿದರು. ಅಕ್ಕಪಕ್ಕದ ಓಣಿಯ ನಮ್ಮ ಕಡೆಯ ಹೆಂಗಸರಿಗೆ ಸುದ್ದಿ ಹೋಯಿತು. ಕಾಯಿ, ಊದಿನಕಡ್ಡಿ ಹಿಡಿದು ಬಂದರು. ಅಂಗೈಯಲ್ಲಿ ಕಾಣದ ಲಿಂಗಕ್ಕೆ ಕೈ ಮುಗಿದರು. ಬೇರೆ ಯಾರೇ ಆಗಿದ್ದರೂ ಖಾಲಿ ಕೈಯಲ್ಲಿ ಖಾಲಿಯನ್ನೇ ಕಾಣುತ್ತಿದ್ದರು. ಲಿಂಗ ಕಟ್ಟಿಕೊಂಡ ನಮಗೆ ಲಿಂಗವೇ ಕಂಡಿತು.

ನಾನು ಅವರನ್ನೆಲ್ಲ ಹೊರಗೆ ಹಾಕಬೇಕಿತ್ತು, ಹಾಕಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಎಲ್ಲರೂ ಹೋದ ಮೇಲೆ ನಾನೂ ಆ ಮೂಲೆಯಲ್ಲಿ ಮಂಡಿಯೂರಿದೆ. "ಅತ್ತೀ, ಆ ದಿನ ನೀವು ನನ್ನ ಕರದ್ರೇನ್ರಿ?" ಎಂದು ಏಳು ವರ್ಷದ ನನ್ನ ಮಗಳನ್ನು ಕೇಳಿದೆ. ಅವಳು ಬೆರಳು ತುಟಿಗಿಟ್ಟುಕೊಂಡಳು.

ಅದೇ ವಾರ ಛತ್ರಪತಿ ಸಂಭಾಜಿನಗರದಿಂದ ಫೋನು ಬಂತು. ಅಲ್ಲಿಯ ಒಂದು ಕೇಂದ್ರದಲ್ಲಿ ಹದಿನೈದು ದಿನಕ್ಕೊಮ್ಮೆ ಮಕ್ಕಳನ್ನೂ ತಾಯಂದಿರನ್ನೂ ಕೂಡಿಸಿ, ಮನೆಯಲ್ಲಿ ಏನು ಹೇಗೆ ಮಾಡಬೇಕು ಎಂದು ಕಲಿಸುತ್ತಾರೆ. ನಾಸಿಕದ ಮೇಡಂ ತಮ್ಮ ಕೈಲಿ ಇನ್ನಾಗದು ಎಂದು ಹೆಸರು ಬರೆಸಿ ಬಹಳ ತಿಂಗಳಾಗಿತ್ತು. ಜಾಗ ಕೆಲವೇ. ಮೊದಲು ಪರೀಕ್ಷೆ, ಹೇಳಿದ್ದು ತಿಳಿಯುವ ಮಗುವಾದರೆ ಸೇರಿಸಿಕೊಳ್ಳುತ್ತಾರೆ, ಇಲ್ಲವಾದರೆ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ನನಗೆ ಗೊತ್ತಿದ್ದ ಕಡೆಯ ಬಾಗಿಲು ಅದು.

"ಒಯ್ಯಬ್ಯಾಡ ತಂಗಿ," ಎಂದರು ಗಂಡನ ಅಕ್ಕ. "ಅಲ್ಲಿ ಅವರು ಏನರ ಮಾಡಿ ಅವ್ವನ್ನ ಹೊರಗ ಹಾಕ್ತಾರ. ಕೂಸು ಮತ್ತ ಮೂಕ ಆಗ್ತದ."

ನಾನು ಜಗಳ ಮಾಡುವ ಮೊದಲು ಒಂದು ಕ್ಷಣ ತಡೆದೆ. ಯಾಕೆಂದರೆ ನನಗೂ ಅದೇ ಭಯ. ಆ ದನಿ ಹೋದರೆ ಆ ಮಧ್ಯಾಹ್ನದ ಮಾತು ಎಂದೂ ಸಿಗುವುದಿಲ್ಲ. ಮಗಳು ಸುಧಾರಿಸುವುದು ಬೇಕೋ, ಅತ್ತೆಯ ಕಡೆಯ ಮಾತು ಬೇಕೋ ಎಂದು ಎರಡು ದಿನ ತೂಗಿದ ತಾಯಿ ನಾನು.

ಮೂರನೆಯ ದಿನ ನಸುಕಿನ ಎಸ್.ಟಿ. ಬಸ್ಸು ಹಿಡಿದೆ. ಯೇವಲಾ ಬಂದಾಗ ಅಂಗಡಿಗಳ ಶಟರು ಇನ್ನೂ ಕೆಳಗಿದ್ದವು. ದಾರಿಯುದ್ದಕ್ಕೂ ಮಗಳು ಕಿಟಕಿಯ ಗಾಜಿಗೆ ಅಂಗೈ ಹಚ್ಚಿ ಕೂತಿದ್ದಳು.

ಕೇಂದ್ರದ ಪಡಸಾಲೆಯಲ್ಲಿ ನಮ್ಮಂಥವರು ಹತ್ತು ಹನ್ನೆರಡು ಜನ. ಸಿಲ್ಲೋಡ್ ಕಡೆಯಿಂದ ಮೆಕ್ಕೆಜೋಳದ ರಾಶಿ ಬಿಟ್ಟು ಬಂದ ದಂಪತಿ ನನ್ನ ಪಕ್ಕದಲ್ಲಿದ್ದರು, ಅವರ ಮಗಳು ಗೋಡೆಗೆ ಹಣೆ ತಾಗಿಸಿ ನಿಂತಿದ್ದಳು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಅದೇ ಕೆಲವು ಜಾಗ.

ಪರೀಕ್ಷೆ ಮಾಡಿದವಳು ಚಿಕ್ಕ ವಯಸ್ಸಿನ ಹುಡುಗಿ, ಚೂಡಿದಾರ, ದಪ್ಪ ಕನ್ನಡಕ. ಚಾಪೆಯ ಮೇಲೆ ಚೆಂಡು, ಬಟ್ಟಲು, ಗೊಂಬೆ ಇಟ್ಟು ಮರಾಠಿಯಲ್ಲಿ ಮಗಳನ್ನು ಕರೆದಳು. ಹೆಸರು ಹಿಡಿದು ಕರೆದಳು. ಚೆಂಡು ಕೊಡು ಎಂದಳು, ಬಟ್ಟಲು ತೋರಿಸು ಎಂದಳು, ಗೊಂಬೆಗೆ ಉಣ್ಣಿಸು ಎಂದಳು. ಮಗಳು ಅಂಗೈ ನೋಡುತ್ತ ಕೂತಳು. ಪ್ರತಿ ಸಲವೂ ಕಾಗದದ ಮೇಲೆ ಒಂದು ಗೆರೆ ಬೀಳುತ್ತಿತ್ತು. ಐದಾರು ಗೆರೆ ಆಗುವಷ್ಟರಲ್ಲಿ ನಾನೂ ಮರಾಠಿಯಲ್ಲಿ ಗೋಗರೆದೆ. ಪೆನ್ನಿನ ಮುಚ್ಚಳ ಹಾಕುವ ಸದ್ದು ಕೇಳಿಸಿತು.

ಆಗ ಪಕ್ಕದ ಕೋಣೆಯಲ್ಲಿ, ಮಕ್ಕಳ ಊಟಕ್ಕೆ ಇಟ್ಟಿದ್ದೋ ಏನೋ, ಕುಕ್ಕರು ಸೀಟಿ ಹಾಕಿತು. ಎರಡನೆಯದು. ಬೇಡ, ಇಲ್ಲಿ ಬೇಡ ಎಂದುಕೊಂಡೆ. ಮೂರನೆಯದು.

"ಮೂರಾತು. ಇಳಸವ್ವಾ."

ಕನ್ನಡಕದ ಹುಡುಗಿ ಬೆಚ್ಚಿ ಹಿಂದೆ ನೋಡಿದಳು. ಆ ದನಿ ಆ ಸಣ್ಣ ಬಾಯಿಯಿಂದ ಬಂತೆಂದು ಅವಳಿಗೆ ನಂಬಿಕೆಯಾಗಲಿಲ್ಲ. ಬಾಗಿಲ ಬಳಿ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಅರಿವೆಯನ್ನು ಬಕೆಟ್ಟಿಗೆ ಬಿಟ್ಟಳು.

"ತಡಿ ಯವ್ವಾ, ಇಳಸ್ತೀನಿ," ಎಂದಳು ಅವಳು, ತನಗೇ ಗೊತ್ತಿಲ್ಲದ ಹಾಗೆ.

ಮಗಳು ತಲೆ ಎತ್ತಿದಳು. ಅಂಗೈ ಬಿಟ್ಟು, ಚಾಪೆ ಬಿಟ್ಟು, ನನ್ನನ್ನು ದಾಟಿ ಆ ಹೆಂಗಸಿನ ಮುಖವನ್ನು ನೋಡಿದಳು. ಯಾರ ಮುಖವನ್ನೂ ಹಾಗೆ ನೋಡಿದವಳಲ್ಲ.

ಆಕೆ ಯಾದಗಿರಿ ಕಡೆಯವಳು, ಗಂಡ ಬಿಲ್ಡಿಂಗ್ ಕೆಲಸದವನು, ಇಲ್ಲಿ ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ ಎಂಬುದೆಲ್ಲ ಆಮೇಲೆ ತಿಳಿಯಿತು. ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಯಾರ ಕೂಸವ್ವಾ ನೀ? ಬಾ ಇಲ್ಲಿ," ಎಂದಳು. ಮಗಳು ಎದ್ದು ಹೋದಳು. "ಕೂಡು." ಕೂತಳು. ಕನ್ನಡಕದ ಹುಡುಗಿ ಮೆಲ್ಲಗೆ ಚೆಂಡಿನ ಕಡೆ ಕೈ ಮಾಡಿದಳು. "ಆ ಚಂಡು ಕೊಡು ನನಗ," ಎಂದಳು ಮಾವಶಿ. ಕೊಟ್ಟಳು. ಬಟ್ಟಲು ಕೊಟ್ಟಳು. "ಗೊಂಬಿಗಿ ಉಣಸು," ಅಂದರೆ ಖಾಲಿ ಬಟ್ಟಲಿನಲ್ಲಿ ಕೈಯಾಡಿಸಿ, ತುತ್ತು ಕಲಸಿ, ಊದಿ ಆರಿಸಿ ಗೊಂಬೆಯ ಬಾಯಿಗೆ ಇಟ್ಟಳು. ಊದಿ ಆರಿಸುವುದು ಅತ್ತೆಯ ಪದ್ಧತಿ.

ಕನ್ನಡಕದ ಹುಡುಗಿ ತಾನು ಎಳೆದ ಗೆರೆಗಳನ್ನು ಒಂದೊಂದಾಗಿ ಹೊಡೆದು ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದಳು: "ಘರಾತ್ ಕೋಣ್ತಿ ಭಾಷಾ ಬೋಲ್ತಾ?" ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ. ತಂಗಿಯನ್ನು ಇಂಗ್ಲೆಂಡಿನಲ್ಲಿ ಮೊದಲ ದಿನವೇ ಕೇಳಿದ ಪ್ರಶ್ನೆ. ಅದು ನನ್ನವರೆಗೆ ಬರಲು ಅತ್ತೆ ಸಾಯಬೇಕಾಯಿತು.

"ಮರಾಠಿ," ಎಂದೆ. ಸುಳ್ಳಾಗಿರಲಿಲ್ಲ, ಅದೇ ದುಃಖ.

ಅವಳು ತಿಳಿಸಿ ಹೇಳಿದಳು. ಕೆಲವು ಮಕ್ಕಳು ಮಾತನ್ನು ಬಿಡಿಬಿಡಿಯಾಗಿ ಕಲಿಯುವುದಿಲ್ಲವಂತೆ. ಕೇಳಿದ್ದನ್ನು ಇಡಿಯಾಗಿ, ದನಿ ಉಸಿರು ಸಹಿತ ಎತ್ತಿಟ್ಟುಕೊಳ್ಳುತ್ತಾರೆ. ಸೀಟಿ ಕೇಳಿದರೆ ಸೀಟಿಯ ಹೊತ್ತಿನ ಮಾತು ಹೊರಗೆ ಬರುತ್ತದೆ. ಮೈಮೇಲೆ ಯಾರೂ ಬಂದಿಲ್ಲ. "ಆದರೆ ಯಾರೋ ಇವಳೊಂದಿಗೆ ಬಹಳ ಮಾತಾಡಿದ್ದಾರೆ. ದಿನಾ, ತಾಸುಗಟ್ಟಲೆ, ಆಟ ಆಡಿಸುತ್ತ ಕಲಿಸಿದ್ದಾರೆ. ಯಾರು?" ಎಂದಳು. ನಾನು ಯೇವಲಾಕ್ಕೆ ಹೋದ ದಿನಗಳು, ಅಂಗಡಿಗೆ ಹೋದ ಮಧ್ಯಾಹ್ನಗಳು, ನಾಲ್ಕು ವರ್ಷದ್ದೆಲ್ಲ ಸಾಲಾಗಿ ಎದುರಿಗೆ ನಿಂತವು. ನಾನು ಹಾಕಿದ ಬೀಗಕ್ಕೆ ಅತ್ತೆಯ ಬಳಿ ಇನ್ನೊಂದು ಚಾವಿ ಇತ್ತು.

ಜಾಗ ಸಿಕ್ಕಿತು. ಕನ್ನಡ ಬಲ್ಲ ಶಿಕ್ಷಕರು ತಮ್ಮಲ್ಲಿಲ್ಲ, ಮಾವಶಿಯನ್ನೇ ಪಕ್ಕದಲ್ಲಿ ಕೂಡಿಸಿಕೊಂಡು ನಡೆಸೋಣ ಎಂದಳು ಆ ಹುಡುಗಿ. ಇಂಗ್ಲೆಂಡಿನಲ್ಲಿ ಫೋನಿನೊಳಗೆ ಒಬ್ಬರು, ಇಲ್ಲಿ ನೆಲ ಒರೆಸುವ ಬಕೆಟ್ಟಿನ ಪಕ್ಕ ಒಬ್ಬರು. ಹೊರಡುವಾಗ ನನಗೆ ಒಂದೇ ಮಾತು ಹೇಳಿದಳು: ಆ ದನಿ ಬಂದಾಗ ಹೆದರಬೇಡಿ, ಸುಮ್ಮನಿರಬೇಡಿ, ಎದುರಿಗೆ ಕೂತವರಿಗೆ ಉತ್ತರ ಕೊಡುವ ಹಾಗೆ ಕೊಡಿ.

ಹಿಂದಿರುಗುವ ಬಸ್ಸಿನಲ್ಲಿ ಜನ ಕಡಿಮೆ. ಹೊತ್ತು ಇಳಿಯುತ್ತಿತ್ತು. ಮಗಳು ಬಾಗಿಲ ಕಡೆಯೇ ನೋಡುತ್ತಿದ್ದಳು. ನಾಲ್ಕು ವರ್ಷದ ಮೇಲೆ ನಾನು ಅವಳಿಗೆ ನನ್ನ ಮಾತಿನಲ್ಲಿ ಕೇಳಿದೆ: "ಅಂಜಿಕಿ ಆಗ್ಲತ್ತದೇನವ್ವಾ?"

ಅವಳು ಉಸಿರು ಎಳೆದುಕೊಂಡಳು. ಬಂದದ್ದು ಅತ್ತೆಯ ದನಿ. ಆದರೆ ಈವರೆಗೆ ಕೇಳದ ಹಾಗೆ, ತುಂಡು ತುಂಡಾಗಿ, ನಡುನಡುವೆ ಏದುತ್ತ.

"ಅಂಜಬ್ಯಾಡ... ನಿಮ್ಮವ್ವ ಬರ್ತಾಳ... ಬಾಗಲಾ ನೋಡ್ಕೋತ ಕೂಡು... ಬರ್ತಾಳ..."

ಆಮೇಲೆ ಬಹಳ ಹೊತ್ತು ಬರೀ ಉಸಿರು. ಅದೂ ನಿಂತಿತು. ಮಗಳು ಮತ್ತೆ ಬಾಗಿಲ ಕಡೆ ನೋಡಿದಳು.

ಅದು ಯಾವ ದಿನದ ಮಾತೆಂದು ಯಾರೂ ನನಗೆ ಹೇಳಬೇಕಾಗಲಿಲ್ಲ. ಮುದುಕಿ ನೀರು ಕೇಳಿರಲಿಲ್ಲ, ನನ್ನನ್ನು ಶಪಿಸಿರಲಿಲ್ಲ. ಉತ್ತರ ಕೊಡಬೇಕು ಎಂದಿದ್ದಳು ಆ ಹುಡುಗಿ. "ಬಂದೀನ್ರಿ ಅತ್ತಿ," ಎಂದೆ. ಕಂಡಕ್ಟರು ತಿರುಗಿ ನೋಡಿದ. ನಾನು ಸೆರಗು ಬಾಯಿಗೆ ತುರುಕಿಕೊಂಡು ವೈಜಾಪುರದವರೆಗೂ ಅಳುತ್ತಲೇ ಇದ್ದೆ.

ಕತೆ ಇಲ್ಲಿಗೆ ಮುಗಿದಿದ್ದರೆ ನನಗೆ ಸ್ವಲ್ಪ ಸಮಾಧಾನ ಇರುತ್ತಿತ್ತು.

ಹತ್ತು ಹನ್ನೆರಡು ದಿನದ ಮೇಲೆ ಒಂದು ಮಧ್ಯಾಹ್ನ, ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಒಳಕೋಣೆಯಲ್ಲಿ ಮಲಗಿದ್ದರು. ಕೆಳಗಿನ ಅಂಗಡಿಗೆ ಹೋಗಿ ಬಂದ ನಾನು ಬಾಗಿಲ ಮುಂದೆ ಚಾವಿಗಾಗಿ ಚೀಲ ತಡಕುತ್ತಿದ್ದೆ. ಒಳಗೆ ಇಬ್ಬರು ಮಾತಾಡುತ್ತಿದ್ದರು.

"ಶೇಂಗಾ ಯಾರಿಗಿ?" ಎಂದರು ಅತ್ತೆ.

"ನನಗ," ಎಂದಿತು ಇನ್ನೊಂದು ದನಿ. ತೆಳ್ಳಗೆ, ಸ್ವಲ್ಪ ಒಡೆದ ದನಿ. ನಾನು ಎಂದೂ ಕೇಳದ್ದು.

"ಇನ್ನೊಂದು ಯಾರಿಗಿ?"

"ಅವ್ವಗ."

ಹೆತ್ತು ಏಳು ವರ್ಷಕ್ಕೆ, ಬಾಗಿಲ ಹೊರಗೆ ನಿಂತು, ನನ್ನ ಮಗಳ ದನಿ ಕೇಳಿದೆ. ಎಸೆದ ಕಾಳುಗಳೆಲ್ಲ ಕಣ್ಣ ಮುಂದೆ ಬಂದವು. ಅಜ್ಜಿ ಕೂಸಿನ ಪಾಲಿಗೆ ಒಂದು, ಅವ್ವನ ಪಾಲಿಗೆ ಒಂದು ಎಂದು ಕಲಿಸಿದ್ದರು. ಮಗು ಅವ್ವನ ಪಾಲನ್ನು ದಿನಾ ಬೆವರುವ ಅಂಗೈಯಲ್ಲಿ ಕಾಯ್ದುಕೊಂಡು ಕೂಡುತ್ತಿತ್ತು. ಈಗ ಕೊಡುವವರಿಲ್ಲದೆ ಅಂಗೈ ಖಾಲಿ ಇತ್ತು, ಅದಕ್ಕೆ ನಾವು ಕಾಯಿ ಒಡೆದಿದ್ದೆವು.

ಕೈಯಲ್ಲಿ ಚಾವಿ ಅಲುಗಿ ಗಲ್ ಎಂದಿತು.

"ಅವ್ವ ಬಂದಳು," ಎಂದಿತು ಒಳಗೆ ಅತ್ತೆಯ ದನಿ, ಅವಸರದಲ್ಲಿ, ಪಿಸುಮಾತಿನಲ್ಲಿ. "ಬಾಯಿ ಮುಚ್ಚು. ಬೈತಾಳ. ಬಟ್ಟು ಇಡು ತುಟಿ ಮ್ಯಾಲ."

ಒ‌ಳಗೆ ಎಲ್ಲ ನಿಂತಿತು. ನಾಲ್ಕು ವರ್ಷ ಚಾಳಿ ಎಂದು ನಾನು ವಹಿಯಲ್ಲಿ ಬರೆದದ್ದು ಇದನ್ನು. ನನ್ನ ಮಗಳು ಮೂಕಿಯಾಗಿರಲಿಲ್ಲ. ನಾನು ಬರುವಾಗ ಮೂಕಿಯಾಗುವುದನ್ನು ಕಲಿತಿದ್ದಳು.

ಬಾಗಿಲು ತೆಗೆದೆ. ಮೂಲೆಯಲ್ಲಿ ಅವಳು, ತುಟಿಯ ಮೇಲೆ ಬೆರಳು, ಎಡಗೈ ಚಾಚಿ. ಡಬ್ಬಿಯಿಂದ ಒಂದು ಶೇಂಗಾ ತಂದು ಎದುರಿಗೆ ಕೂತೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಕಾಳನ್ನು ಅವಳ ಅಂಗೈಯಲ್ಲಿ ಇಟ್ಟೆ.

"ಇದು ಯಾರಿಗೆವ್ವಾ?" ಎಂದು ಕೇಳಿದೆ.

ಅವಳು ಕಾಳನ್ನು ನೋಡಿದಳು. ಬೆರಳನ್ನು ತುಟಿಯಿಂದ ತೆಗೆದಳು. ಬಾಯಿ ತೆರೆದಳು. ಬಂದದ್ದು ಅತ್ತೆಯ ದನಿಯಲ್ಲ, ಅವಳದೂ ಅಲ್ಲ. ನನ್ನದು.

"ಇವಳ ಮುಂದ ಕನ್ನಡ ಬಾಯಿ ತೆಗೀಬ್ಯಾಡ್ರಿ ಅಂದ್ರ ತೆಗೀಬ್ಯಾಡ್ರಿ!"

ನನ್ನದೇ ಸಿಟ್ಟು, ನನ್ನದೇ ಗಂಟಲು. ಜೊತೆಗೆ ನಾಲಿಗೆಯಿಂದ ಟಕ್ ಎನ್ನಿಸಿದಳು, ಸೌಟು ಕಟ್ಟೆಗೆ ಬಡಿದ ಸದ್ದು. ಅವಳೊಳಗೆ ನನ್ನ ಕನ್ನಡ ಅದೊಂದೇ ಇತ್ತು.

ಉತ್ತರ ಕೊಡಬೇಕು. ಎದುರಿಗೆ ಕೂತವರಿಗೆ ಕೊಡುವ ಹಾಗೆ. "ತಪ್ಪಾತು," ಎಂದೆ, ಅವಳ ಬಾಯಿಯಲ್ಲಿದ್ದ ನನಗೆ. "ಅತ್ತಿ ತೆಗೀಲಿ ಬಿಡು. ನಾನೂ ತೆಗೀತೀನಿ, ಕೂಸೂ ತೆಗೀಲಿ."

ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ಬೆವರಿದ ಅಂಗೈಯನ್ನು ನನ್ನ ಬಾಯಿಯ ಹತ್ತಿರ ತಂದಳು. ಸಿಪ್ಪೆ ಬಿಟ್ಟ, ಒದ್ದೆಯಾದ, ಉಪ್ಪುಪ್ಪಾದ ಕಾಳು. ನಾನು ಅದನ್ನು ತಿಂದೆ.